ಅಪ್ಪ ಹೋದ ಮೇಲೂ ಪೆನ್ಷನ್ ಜಮಾ ಆಗಿದೆಯೇ? ಲೆಕ್ಕ ಮುಗಿಸುವುದು ಹೀಗೆ

ತಿಂಗಳುಗಟ್ಟಲೆ ಸುಮ್ಮನಿದ್ದ ಬ್ಯಾಂಕು ಒಂದು ದಿನ ಕಾಗದ ಕಳಿಸುತ್ತದೆ. ‘ನಿಮ್ಮ ದಿವಂಗತ ತಂದೆಯವರ ಖಾತೆಗೆ ಹೆಚ್ಚುವರಿ ಪೆನ್ಷನ್ ಜಮಾ ಆಗಿದೆ, ಕೂಡಲೇ ತುಂಬಿ’ ಎಂಬ ಎರಡು ಸಾಲು, ಕೆಳಗೊಂದು ಮೊತ್ತ. ಯಾವ ತಿಂಗಳದ್ದು, ಹೇಗೆ ಹೆಚ್ಚಾಯಿತು, ಒಂದೂ ಇಲ್ಲ. ಪಾಲಿಕೆಯ ಕನ್ನಡ ಶಾಲೆಯ ಟೀಚರು, ರೈಲ್ವೆಯವರು, ಬಂದರಿನವರು, ಮಂತ್ರಾಲಯದ (ರಾಜ್ಯ ಸಚಿವಾಲಯದ) ಗುಮಾಸ್ತರು ಅಂತ ಮುಂಬೈಯ ನಮ್ಮ ಮನೆಗಳಲ್ಲಿ ಪೆನ್ಷನ್ ತಗೊಂಡ ಹಿರಿಯರು ಬಹಳ. ಹಾಗಾಗಿ ಈ ಕಾಗದವೂ ಅಪರೂಪವಲ್ಲ.

ಕೆಲವರು ಗಾಬರಿಬಿದ್ದು ಅವತ್ತೇ ಚೆಕ್ ಬರೆದುಬಿಡುತ್ತಾರೆ. ಕೆಲವರು ಡ್ರಾವರಿಗೆ ತುರುಕಿ ಮರೆಯುತ್ತಾರೆ. ಎರಡೂ ಬೇಡ. ಆ ಒಂದು ಮೊತ್ತದೊಳಗೆ ಬೇರೆ ಬೇರೆ ಎರಡು ಬಾಕಿ ಅಡಗಿರಬಹುದು. ಅಪ್ಪ ತೀರಿಕೊಂಡ ಮೇಲೆ ಬಂದ ಹಣ ಒಂದು. ಅವರು ಬದುಕಿದ್ದಾಗಲೇ ಕಚೇರಿಯ ತಪ್ಪಿನಿಂದ ಜಾಸ್ತಿ ಬಂದಿದ್ದ ಹಣ ಇನ್ನೊಂದು. ಮೊದಲನೆಯದನ್ನು ವಾದ ಮಾಡದೆ ಕೊಡಬೇಕು. ಎರಡನೆಯದನ್ನು ಕೇಳಿದ ಕೂಡಲೇ ಕೊಡಬೇಕಾಗಿಲ್ಲ.

ಮೊದಲು ನಲ್ಲಿ ನಿಲ್ಲಿಸಿ

ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಮುಂಬೈಯಲ್ಲಿ ಇದು ಪಾಲಿಕೆಯ ವಾರ್ಡ್ ಆಫೀಸಿನ ಕೆಲಸ. ಸರ್ಟಿಫಿಕೇಟಿನ ಪ್ರತಿ ನಾಲ್ಕಾರು ಜಾಸ್ತಿಯೇ ತೆಗೆಸಿಟ್ಟುಕೊಳ್ಳಿ. ಬ್ಯಾಂಕು, ಸೊಸೈಟಿ, ವಿಮೆ, ಗ್ಯಾಸು, ಎಲ್ಲರೂ ಕೇಳುತ್ತಾರೆ.

ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಪೆನ್ಷನ್ ಬರುವ ಬ್ರಾಂಚಿಗೆ ಒಂದು ಅರ್ಜಿ ಕೊಡಿ: ಹೆಸರು, ಪಿಪಿಓ (ಪೆನ್ಷನ್ ಪಾವತಿ ಆದೇಶ) ನಂಬರು, ಖಾತೆ ನಂಬರು, ತೀರಿಕೊಂಡ ತಾರೀಖು, ‘ಪೆನ್ಷನ್ ನಿಲ್ಲಿಸಿ’ ಎಂಬ ಸಾಲು. ಇನ್ನೊಂದು ಪ್ರತಿಯ ಮೇಲೆ ತಾರೀಖು ಸಮೇತ ಸಿಕ್ಕಾ ಹಾಕಿಸಿಕೊಂಡು ಪೋಚ್ (ಸ್ವೀಕೃತಿ) ತಗೊಳ್ಳದೆ ಕೌಂಟರ್ ಬಿಡಬೇಡಿ. ಮುಂದೆ ‘ನೀವು ತಿಳಿಸಲೇ ಇಲ್ಲ’ ಎಂದು ಬ್ಯಾಂಕು ಹೇಳಿದರೆ ಉತ್ತರ ಕೊಡುವುದು ಅದೊಂದೇ ಹಾಳೆ. ಪೆನ್ಷನ್ ಪಾವತಿ ನೋಡಿಕೊಳ್ಳುವ ಕಚೇರಿಗೂ ಒಂದು ಪ್ರತಿ ಹೋಗಲಿ. ರಾಜ್ಯ ಸರಕಾರದ ಪೆನ್ಷನ್ನಾದರೆ ಮುಂಬೈಯಲ್ಲಿ ಅಧಿದಾನ್ ವ ಲೇಖಾ ಕಾರ್ಯಾಲಯ (ಪೇ ಆ್ಯಂಡ್ ಅಕೌಂಟ್ಸ್ ಆಫೀಸು), ಬೇರೆ ಜಿಲ್ಲೆಗಳಲ್ಲಿ ಟ್ರೆಝರಿ. ಕಂಪನಿಯಲ್ಲಿ ದುಡಿದು ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಪೆನ್ಷನ್ ಬರುತ್ತಿದ್ದರೆ ಪಿಎಫ್ ಆಫೀಸು.

‘ನವೆಂಬರಿನಲ್ಲಿ ಹಯಾತಿ ದಾಖಲೆ (ಬದುಕಿದ್ದೇನೆಂಬ ಪ್ರಮಾಣಪತ್ರ) ಕೊಡದಿದ್ದರೆ ತಾನಾಗಿಯೇ ನಿಲ್ಲುತ್ತದಲ್ವಾ’ ಎಂದು ಕೇಳುವವರಿದ್ದಾರೆ. ನಿಲ್ಲುತ್ತದೆ. ಆದರೆ ಡಿಸೆಂಬರಿನಲ್ಲಿ ತೀರಿಕೊಂಡವರ ಖಾತೆಗೆ ಅಷ್ಟರೊಳಗೆ ಹೆಚ್ಚುಕಡಿಮೆ ಒಂದು ವರ್ಷದ ಪೆನ್ಷನ್ ಬಿದ್ದಿರುತ್ತದೆ.

ಇನ್ನು ಎಟಿಎಂ ಕಾರ್ಡು. ಅಪ್ಪನ ಪಿನ್ ಮಗನಿಗೆ ಗೊತ್ತಿರುತ್ತದೆ. ಹದಿಮೂರನೇ ದಿನದ ಖರ್ಚು ತಲೆಮೇಲೆ ಇರುತ್ತದೆ. ಕಷ್ಟ ಅರ್ಥವಾಗುತ್ತದೆ, ಆದರೂ ತೆಗೆಯಬೇಡಿ. ಸಾವಿನ ನಂತರ ಆ ಖಾತೆಯಿಂದ ಹೋದ ಪ್ರತಿ ರೂಪಾಯಿಗೂ ಬ್ಯಾಂಕಿನಲ್ಲಿ ತಾರೀಖು, ಗಂಟೆ, ಎಟಿಎಂ ಇರುವ ಜಾಗ ದಾಖಲಾಗುತ್ತದೆ. ಅದು ಪೆನ್ಷನ್ ಹಣವಾದರೆ ‘ಬ್ಯಾಂಕಿನ ತಪ್ಪು’ ಎನ್ನುವ ನಿಮ್ಮ ವಾದ ಅಲ್ಲಿಗೇ ಮುಗಿಯಿತು. ಕ್ರಿಯೆಯ ಖರ್ಚನ್ನು ಕೈಯಿಂದ ಮಾಡಿ, ಬಿಲ್ಲು ಇಟ್ಟುಕೊಳ್ಳಿ. ಅದು ವಾಪಸ್ ಸಿಗುವ ದಾರಿ ಕಾನೂನಿನಲ್ಲೇ ಇದೆ.

ಪಾಸ್‌ಬುಕ್ ಮುಂದಿಟ್ಟು ಲೆಕ್ಕ ಹಾಕಿ

ಕೇಂದ್ರ ಸರಕಾರದ ನಿಯಮ ಸರಳ: ತೀರಿಕೊಂಡ ದಿನವನ್ನೂ ಸೇರಿಸಿ ಪೆನ್ಷನ್ ಸಲ್ಲುತ್ತದೆ. ಮರುದಿನದಿಂದ ಅಮ್ಮನಿಗೆ ಫ್ಯಾಮಿಲಿ ಪೆನ್ಷನ್ ಶುರು. ಅದು ಸಾಮಾನ್ಯವಾಗಿ ಕೊನೆಯ ಸಂಬಳದ ಶೇ 30. ನಿವೃತ್ತರು ತೀರಿಕೊಂಡು 7 ವರ್ಷ ಆಗುವವರೆಗೆ, ಅಥವಾ ಅವರು ಇದ್ದಿದ್ದರೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯ ತನಕ ಹೆಚ್ಚಿನ ದರ, ಅಂದರೆ ಶೇ 50.

ಒಂದು ಉದಾಹರಣೆ ಹಾಕೋಣ. ತುಟ್ಟಿಭತ್ಯೆ, ಕಮ್ಯುಟೇಶನ್ (ಪೆನ್ಷನ್ನಿನ ಒಂದು ಭಾಗವನ್ನು ಮೊದಲೇ ಇಡಿಗಂಟಾಗಿ ತಗೊಳ್ಳುವುದು) ಸದ್ಯಕ್ಕೆ ಬದಿಗಿರಲಿ. ಅಪ್ಪನಿಗೆ 75 ವರ್ಷ, ತಿಂಗಳಿಗೆ 30,000 ರೂಪಾಯಿ ಪೆನ್ಷನ್. ಜೂನ್ 12ರಂದು ತೀರಿಕೊಂಡರು. ಬ್ಯಾಂಕಿಗೆ ತಿಳಿಸಿದ್ದು ಸೆಪ್ಟೆಂಬರಿನಲ್ಲಿ. ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳ ಪೂರ್ತಿ ಪೆನ್ಷನ್, ಒಟ್ಟು 90,000 ಜಮಾ ಆಗಿದೆ. ಸಲ್ಲಬೇಕಾಗಿದ್ದು ಜೂನಿನ 12 ದಿನದ 12,000 ಮಾತ್ರ. ಹೆಚ್ಚುವರಿ 78,000. ಬ್ಯಾಂಕಿನ ಕಾಗದದಲ್ಲಿ ಇದೇ ಮೊತ್ತ ಇರುತ್ತದೆ.

ಆದರೆ ಜೂನ್ 13ರಿಂದ ಅಮ್ಮನಿಗೆ ಫ್ಯಾಮಿಲಿ ಪೆನ್ಷನ್ ಬರಬೇಕಿತ್ತು, ಬಂದಿಲ್ಲ. ಕೊನೆಯ ಸಂಬಳ 60,000 ಆಗಿದ್ದರೆ ಅದು ತಿಂಗಳಿಗೆ 18,000. ಜೂನಿನ 18 ದಿನಕ್ಕೆ 10,800, ಮುಂದಿನ ಎರಡು ತಿಂಗಳಿಗೆ 36,000, ಒಟ್ಟು 46,800. ಇದನ್ನು ಕಳೆದರೆ ವಾಪಸ್ ಹೋಗಬೇಕಾದದ್ದು 31,200 ಅಷ್ಟೇ. ಅಮ್ಮನ ಬಾಕಿಯನ್ನು ಹೊಂದಿಸಿಕೊಂಡು ಉಳಿದದ್ದನ್ನು ಹೇಳಿ ಎಂದು ಬರೆದು ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಅಪ್ಪ ಅಮ್ಮನ ಜಂಟಿ ಖಾತೆಗೇ ಪೆನ್ಷನ್ ಬರುತ್ತಿದ್ದರೆ ಖಾತೆ ಮುಚ್ಚಿಸಲು ಹೋಗಬೇಡಿ. ಕೇಂದ್ರದ ಪೆನ್ಷನ್ನಿನಲ್ಲಿ ಫ್ಯಾಮಿಲಿ ಪೆನ್ಷನ್ ಅದೇ ಖಾತೆಗೆ ಬರಬಹುದು.

ಬದುಕಿದ್ದಾಗ ಜಾಸ್ತಿ ಬಂದಿದ್ದರೆ

ಇಲ್ಲಿ ನಿಧಾನ ಮಾಡಿ. ಕಮ್ಯೂಟ್ ಮಾಡಿದ ಭಾಗವನ್ನು ಕಳೆಯದೇ ಇರುವುದು, ಪರಿಷ್ಕರಣೆಯಲ್ಲಿ ಮೂಲ ಪೆನ್ಷನ್ ತಪ್ಪಾಗಿ ಕೂರಿಸುವುದು, ಅಮ್ಮನ ಫ್ಯಾಮಿಲಿ ಪೆನ್ಷನ್ನನ್ನು ಹೆಚ್ಚಿನ ದರದಿಂದ ಇಳಿಸಲು ಮರೆಯುವುದು, ಇವೆಲ್ಲ ಕಚೇರಿಯ ಕೈಯಲ್ಲಾಗುವ ತಪ್ಪುಗಳು. ಪೆನ್ಷನ್ ತಗೊಂಡವರಿಗೆ ಗೊತ್ತೇ ಇರುವುದಿಲ್ಲ.

2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಫೀಕ್ ಮಸೀಹ್ ಪ್ರಕರಣದಲ್ಲಿ, ನಿವೃತ್ತರಿಂದ, ಕೆಳದರ್ಜೆಯ ನೌಕರರಿಂದ, ಮತ್ತು 5 ವರ್ಷಕ್ಕಿಂತ ಹೆಚ್ಚು ಕಾಲ ತಪ್ಪಾಗಿ ಪಾವತಿಯಾದ ಸಂದರ್ಭದಲ್ಲಿ ವಸೂಲಿ ಸರಿಯಲ್ಲ ಎಂದಿತು. 2020ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 85 ವರ್ಷದ ನಿವೃತ್ತರೊಬ್ಬರ ಪೆನ್ಷನ್ನಿನಿಂದ ಬ್ಯಾಂಕು ತನ್ನಷ್ಟಕ್ಕೆ ಕಡಿದುಕೊಂಡ ಹಣವನ್ನು ವಾಪಸ್ ಕೊಡಿಸಿತು.

ಹಾಗಂತ ಹಿಗ್ಗುವ ಹಾಗಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟೇ, ಜಾಸ್ತಿ ಬಂದರೆ ಹಿಂತಿರುಗಿಸುತ್ತೇನೆಂದು ಬರೆದುಕೊಟ್ಟವರಿಂದ ವಸೂಲು ಮಾಡಬಹುದು ಎಂದಿದೆ. ಬ್ಯಾಂಕಿನ ಮೂಲಕ ಪೆನ್ಷನ್ ಶುರುವಾಗುವಾಗ ಅಂಥ ಮುಚ್ಚಳಿಕೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಕೇಂದ್ರದ ನಮೂನೆಯಲ್ಲಿ ‘ನನ್ನ ವಾರಸುದಾರರು, ಎಕ್ಸಿಕ್ಯೂಟರರೂ (ಉಯಿಲು ಜಾರಿ ಮಾಡುವವರು) ಇದಕ್ಕೆ ಬದ್ಧರು’ ಎಂಬರ್ಥದ ಮಾತೂ ಇದೆ. ಆದ್ದರಿಂದ ಬ್ಯಾಂಕಿನಿಂದ ಮೂರು ಕೇಳಿ: ತಿಂಗಳುವಾರು ಲೆಕ್ಕದ ಹಾಳೆ, ತಪ್ಪು ಯಾವಾಗ ಯಾವ ಆದೇಶದಿಂದ ಆಯಿತೆಂಬ ವಿವರ, ಅಪ್ಪ ಸಹಿ ಮಾಡಿದ ಮುಚ್ಚಳಿಕೆಯ ಪ್ರತಿ. ಮೂರೂ ಬರುವ ತನಕ ಈ ಭಾಗಕ್ಕೆ ಒಪ್ಪಿಗೆ ಬರೆಯಬೇಡಿ. ಮೊತ್ತ ದೊಡ್ಡದಿದ್ದರೆ ವಕೀಲರ ಫೀಸು ದಂಡವೇನಲ್ಲ.

ಯಾರ ಜೇಬಿನಿಂದ?

ನಿಮ್ಮ ಜೇಬಿನಿಂದಲ್ಲ. ಸಾಲ ಅಪ್ಪನ ಆಸ್ತಿಯಿಂದ ತೀರಬೇಕು. ಅವರಿಂದ ನಿಮಗೆ ಬಂದದ್ದೆಷ್ಟೋ ಅಷ್ಟಕ್ಕೇ ನಿಮ್ಮ ಹೊಣೆ. ಅಮ್ಮನ ಸ್ವಂತ ಎಫ್‌ಡಿ ಇದರಲ್ಲಿ ಬರುವುದಿಲ್ಲ.

ಉಯಿಲಿನಲ್ಲಿ ನಿಮ್ಮನ್ನು ಎಕ್ಸಿಕ್ಯೂಟರ್ ಮಾಡಿದ್ದರೆ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಉಯಿಲಿನ ಪ್ರಕಾರ ಹಂಚುವ ಮೊದಲು ಸಾಲ ತೀರಿಸಬೇಕು ಎನ್ನುತ್ತದೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲೊಂದು ಕ್ರಮವೂ ಇದೆ. ಅಂತ್ಯಕ್ರಿಯೆಯ ಹದವಾದ ಖರ್ಚು ಮತ್ತು ಕೊನೆಯ ದಿನಗಳ ಆಸ್ಪತ್ರೆ ಖರ್ಚು ಮೊದಲು. ಆಮೇಲೆ ಪ್ರೊಬೇಟಿನ, ಅಂದರೆ ಉಯಿಲು ಸರಿಯೆಂದು ಕೋರ್ಟಿನಿಂದ ಪಡೆಯುವ ಪ್ರಮಾಣದ ಖರ್ಚು. ಅದಾದ ಮೇಲೆ, ತೀರಿಕೊಳ್ಳುವ ಹಿಂದಿನ 3 ತಿಂಗಳಲ್ಲಿ ಮನೆಗೆಲಸದವರಿಗೆ ಕೊಡಬೇಕಿದ್ದ ಸಂಬಳ. ಉಳಿದ ಸಾಲಗಳು ಅವುಗಳ ನಂತರ. ಅಂದರೆ ಪೆನ್ಷನ್ ಬಾಕಿ ಕೇಳುವ ಬ್ಯಾಂಕಿಗಿಂತ ಮೊದಲು ಅಡುಗೆಯಾಕೆಯ ಪಗಾರ! ಕಾನೂನು ಬರೆದವರ ಬಗ್ಗೆ ನನಗೆ ಗೌರವ ಬಂದ ಜಾಗ ಇದು.

ಊರಿನಿಂದ ಬಂದ ಅಕ್ಕ ತಂಗಿಯರು ವಾಪಸ್ ಹೋಗುವುದರೊಳಗೆ ಎಫ್‌ಡಿ, ಚಿನ್ನ ಹಂಚಿಬಿಡೋಣ ಎಂಬ ಒತ್ತಡ ಬರುತ್ತದೆ. ‘ಪೆನ್ಷನ್ ಲೆಕ್ಕ ಮುಗಿಯಲಿ ಅಕ್ಕ’ ಎಂದು ಕಾಯಿಸಿ. ಹಂಚಿ ಖಾಲಿಯಾದ ಮೇಲೆ ಸಾಲ ಕೊಟ್ಟವರು ಬಂದರೆ ಎಕ್ಸಿಕ್ಯೂಟರ್ ಸ್ವಂತ ಕೈಯಿಂದ ತೆರಬೇಕಾಗಬಹುದು.

ಮುಂಬೈಯಲ್ಲಿ ಉಯಿಲಿಗೆ ಪ್ರೊಬೇಟ್ ಕಡ್ಡಾಯ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ಕಾರಣವಾಗಿದ್ದ, ಅದೇ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮನ್ನು ತೆಗೆಯುವ ಮಸೂದೆಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಆದರೂ ಅಣ್ಣತಮ್ಮಂದಿರಲ್ಲಿ ತಕರಾರಿದ್ದರೆ ಪ್ರೊಬೇಟ್ ಮಾಡಿಸುವುದೇ ಲೇಸು.

ಕಟ್ಟುವಾಗ

ನಗದು ಬೇಡವೇ ಬೇಡ. ಚೆಕ್ ಅಥವಾ ಟ್ರಾನ್ಸ್‌ಫರ್ ಮಾಡಿ, ಪಿಪಿಓ ನಂಬರು ಮತ್ತು ಯಾವ ತಿಂಗಳಿನ ಹೆಚ್ಚುವರಿ ಎಂದು ಪತ್ರದಲ್ಲಿ ಬರೆಯಿರಿ. ಪೂರ್ತಿ ಒಮ್ಮೆಲೇ ಆಗದಿದ್ದರೆ ಕಂತು ಕೇಳಿ. ‘ಅಮ್ಮನ ಪೆನ್ಷನ್ನಿನಿಂದ ಕಡಿದುಕೊಳ್ಳುತ್ತೇವೆ, ಇಲ್ಲಿ ಸಹಿ ಮಾಡಿ’ ಎಂದರೆ ತಿಂಗಳಿಗೆ ಎಷ್ಟು, ಎಷ್ಟು ತಿಂಗಳು ಎಂದು ತುಂಬದ ಫಾರ್ಮಿಗೆ ಅಮ್ಮನ ಸಹಿ ಬೀಳಬಾರದು. ಎಲ್ಲ ಮುಗಿದ ಮೇಲೆ ಬಾಕಿ ಇಲ್ಲ ಎಂಬ ಪತ್ರ ತಗೊಳ್ಳಿ.

‘ಅದು ಮೇಲಿನಿಂದ ಬಂದದ್ದು, ನಮ್ಮ ಕೈಯಲ್ಲಿಲ್ಲ’ ಎಂದು ಬ್ರಾಂಚಿನವರು ಕೈ ಚೆಲ್ಲಿದರೆ, ಬ್ಯಾಂಕಿನ ಪೆನ್ಷನ್ ಪ್ರೊಸೆಸಿಂಗ್ ಸೆಂಟರಿಗೇ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ಫೀಸಿಲ್ಲ. ಕೇಂದ್ರದ ಪೆನ್ಷನ್ನಾದರೆ ಸಿಪೆನ್‌ಗ್ರಾಮ್ಸ್ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು. ಲೆಕ್ಕದ ಹಾಳೆ ಸರಕಾರಿ ಕಚೇರಿಯ ಬಳಿ ಇದ್ದೂ ಕೊಡುತ್ತಿಲ್ಲವಾದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ. ಅದಕ್ಕೂ 30 ದಿನಗಳ ಗಡುವಿದೆ.