ಮಂಕಾದ ವಿಂಡ್‌ಶೀಲ್ಡ್‌ಗೆ ಸೀರಿಯಂ ಆಕ್ಸೈಡ್

ಎಷ್ಟು ತೊಳೆದರೂ ಮಂಕಾಗಿಯೇ ಉಳಿಯುವ ಕಾರಿನ ಮುಂಗಾಜನ್ನು ಸೀರಿಯಂ ಆಕ್ಸೈಡ್ ಪುಡಿಯಿಂದ ಉಜ್ಜಿದರೆ ಅದರ ಸ್ಪಷ್ಟತೆ ಬಹುಮಟ್ಟಿಗೆ ಮರಳುತ್ತದೆ. ಗಾಜನ್ನು ಸೋಪಿನ ನೀರಿನಿಂದ ತೊಳೆದು, ಮರಳಿನ ಒಂದು ಕಣವೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಪುಡಿಯನ್ನು ನೀರಿನಲ್ಲಿ ತೆಳು ಗಂಜಿಯ ಹದಕ್ಕೆ ಕಲಸಿ, ಫೆಲ್ಟ್ (ಒತ್ತಿ ಮಾಡಿದ ಉಣ್ಣೆಬಟ್ಟೆ) ಪ್ಯಾಡಿನಿಂದ ಸ್ವಲ್ಪ ಸ್ವಲ್ಪವೇ ಜಾಗವನ್ನು ಉಜ್ಜುತ್ತಾ, ಒಣಗತೊಡಗಿದ ಕೂಡಲೇ ನೀರು ಚಿಮುಕಿಸುತ್ತಾ ಮುಂದುವರಿಯಬೇಕು. ಬಣ್ಣ ಮತ್ತು ರಬ್ಬರ್ ಅಂಚುಗಳನ್ನು ಮೊದಲೇ ಟೇಪಿನಿಂದ ಮುಚ್ಚಿಡುವುದು ಒಳ್ಳೆಯದು, ಏಕೆಂದರೆ ಒಣಗಿದ ಪುಡಿಯನ್ನು ಅಲ್ಲಿಂದ ತೆಗೆಯುವುದು ನಿಜಕ್ಕೂ ಕಷ್ಟ. ಧೂಳಿನ ಮೇಲೆ ವೈಪರ್ ಓಡಿದಾಗ ಮೂಡುವ ಸೂಕ್ಷ್ಮ ಗೀರುಗಳು ಬೆಳಕನ್ನು ಚದುರಿಸುವುದರಿಂದಲೇ ಗಾಜು ಮಸುಕಾಗಿ ಕಾಣುತ್ತದೆ. ಸೀರಿಯಂ ಆಕ್ಸೈಡ್ ಬರಿಯ ಸವೆತದಿಂದಲ್ಲದೆ ಗಾಜಿನ ಮೇಲ್ಪದರದೊಂದಿಗೆ ರಾಸಾಯನಿಕವಾಗಿಯೂ ವರ್ತಿಸಿ ಅದನ್ನು ನಯಗೊಳಿಸುವುದರಿಂದ, ಮಸೂರಗಳ ಪಾಲಿಶಿಗೂ ಇದನ್ನು ಬಳಸುತ್ತಾರೆ. ಆದರೆ ಉಗುರಿಗೆ ಸಿಗುವಷ್ಟು ಆಳವಾದ ಗೀರಿಗೆ ಇದು ಪರಿಹಾರವಲ್ಲ: ಒಂದೇ ಕಡೆ ಬಹಳ ಹೊತ್ತು ಉಜ್ಜಿದರೆ ಅಲ್ಲಿ ತಗ್ಗಾಗಿ ನೋಟ ಓರೆಯಾಗುತ್ತದೆ, ಯಂತ್ರದಿಂದ ಉಜ್ಜುವಾಗ ಗಾಜು ಬಿಸಿಯಾದರೆ ಬಿರುಕು ಬಿಡಲೂಬಹುದು. ಅಂಚಿನಿಂದ ಹಾಲಿನಂತೆ ಬೆಳ್ಳಗೆ ಹರಡುವ ಮಂಕು ಮುಂಗಾಜಿನಲ್ಲಿರುವ ಎರಡು ಗಾಜಿನ ಹಾಳೆಗಳ ನಡುವಿನ ಪ್ಲಾಸ್ಟಿಕ್ ಪದರ ಬಿಟ್ಟುಕೊಂಡಿರುವುದರ ಗುರುತು. ಅದಕ್ಕೆ ಗಾಜನ್ನೇ ಬದಲಿಸಬೇಕು. ಉಜ್ಜಲು ತೊಡಗುವ ಮುನ್ನ ಒಳಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೇವಗೊಳಿಸಿದ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಆವಿಯಿಂದ ಕುಳಿತ ಜಿಡ್ಡೇ ಎಷ್ಟೋ ಸಲ ಮಂಕಿಗೆ ಕಾರಣವಾಗಿರುತ್ತದೆ. ಹೊರಗೆ ಕೇವಲ ಗಡಸು ನೀರಿನ ಬಿಳಿ ಕಲೆಗಳಿದ್ದರೆ ಬಿಳಿ ವಿನೆಗರ್ ಸಾಕಾಗಬಹುದು.