ಮೂಸಿ ನೋಡುವ ಮುಂಚೆ

ಟೆಸ್ಟ್ ಟ್ಯೂಬಿನ ಬಾಯಿಗೆ ಮೂಗು ಹಚ್ಚಬೇಡಿ. ನಮ್ಮ ಲ್ಯಾಬಿಗೆ ಬರುವ ಪ್ರತಿ ಹೊಸ ಬ್ಯಾಚಿಗೂ ನಾನು ಮೊದಲು ಹೇಳುವುದು ಇದನ್ನೇ. ಟ್ಯೂಬನ್ನು ಮುಖದಿಂದ ಒಂದು ಗೇಣು ದೂರ, ಸ್ವಲ್ಪ ಕೆಳಗೆ ಹಿಡಿಯಿರಿ. ಅದರ ಬಾಯಿ ನಿಮ್ಮ ಕಡೆಗೂ ಇರಬಾರದು, ಪಕ್ಕದವರ ಕಡೆಗೂ ಇರಬಾರದು. ಮೊದಲೇ ಅರ್ಧ ಉಸಿರು ಎಳೆದುಕೊಂಡಿರಿ. ಆಮೇಲೆ ಇನ್ನೊಂದು ಕೈಯಿಂದ ಗಾಳಿಯನ್ನು ಮೂಗಿನತ್ತ ಮೆಲ್ಲಗೆ ಬೀಸಿಕೊಂಡು ಒಮ್ಮೆ ಮೂಸಿ, ಸಾಕು. ಅರ್ಧ ಉಸಿರು ಯಾಕೆ ಅಂದರೆ, ಎದೆಯಲ್ಲಿ ಆಗಲೇ ಗಾಳಿ ಇದ್ದರೆ ಜಾಸ್ತಿ ಒಳಗೆ ಹೋಗುವುದಿಲ್ಲ. ಘಾಟು ಹೊಡೆದರೆ ಹೊರಗೆ ಊದಲು ಗಾಳಿಯೂ ಇರುತ್ತದೆ.

ಇದೆಲ್ಲ ಏನು ಬರಬಹುದು ಎಂದು ಗೊತ್ತಿರುವ ಪ್ರಯೋಗಕ್ಕೆ, ಅದೂ ಚಿಟಿಕೆ ಉಪ್ಪು ತೆಗೆದುಕೊಂಡಾಗ ಮಾತ್ರ. ಲೇಬಲ್ ಬಿದ್ದುಹೋದ ಬಾಟಲಿಯನ್ನು ಮೂಸಿ ಹೆಸರು ಹೇಳುವ ಜಾಣತನ ಬೇಡ. ಹಾಗೇ ಬದಿಗಿಟ್ಟು ನನ್ನನ್ನು ಕರೆಯಿರಿ.

ಸಾಲ್ಟ್ ಅನಾಲಿಸಿಸ್ (ಕೊಟ್ಟ ಉಪ್ಪಿನಲ್ಲಿ ಏನೇನಿದೆ ಎಂದು ಪತ್ತೆ ಮಾಡುವುದು) ಶುರುಮಾಡುವವರಿಗೆ ಮೊದಲು ಅಮೋನಿಯಾ ಕೊಡುತ್ತೇನೆ. ಅಮೋನಿಯಂ ಕ್ಲೋರೈಡಿಗೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಬಿಸಿ ಮಾಡಿದರೆ ಮೂಗು ಸುಡುವ ಘಾಟು ಏಳುತ್ತದೆ. ಈ ಗ್ಯಾಸ್ ನೀರಿನಲ್ಲಿ ವಿಪರೀತ ಕರಗುತ್ತದೆ. ಅದಕ್ಕೇ ಕಣ್ಣು, ಮೂಗಿನ ಪಸೆಗೆ ಮೊದಲು ಅಂಟಿಕೊಂಡು ಉರಿಸುತ್ತದೆ. ಮೋಸ ಇಲ್ಲದ ಗ್ಯಾಸ್ ಅಂತ ನನಗೆ ಇದರ ಮೇಲೆ ಸ್ವಲ್ಪ ಪ್ರೀತಿ. ಆದರೆ ಘಾಟು ಬಂತು ಅಂದ ಮಾತ್ರಕ್ಕೆ ರೆಕಾರ್ಡಿನಲ್ಲಿ 'ಅಮೋನಿಯಾ' ಎಂದು ಬರೆದರೆ ನಾನು ಟಿಕ್ ಹಾಕುವುದಿಲ್ಲ. ಒದ್ದೆ ಮಾಡಿದ ಕೆಂಪು ಲಿಟ್ಮಸ್ ನೀಲಿಯಾಗಬೇಕು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಗಾಜಿನ ಕಡ್ಡಿ ಹತ್ತಿರ ತಂದರೆ ದಟ್ಟ ಬಿಳಿ ಹೊಗೆ ಏಳಬೇಕು. ಮೂಗು ಸುಳಿವು ಕೊಡುತ್ತದೆ ಅಷ್ಟೇ, ತೀರ್ಪು ಲಿಟ್ಮಸ್ಸಿನದು.

ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ: 29. ಗಾಳಿಯ ಸರಾಸರಿ ಅಣುತೂಕ ಸುಮಾರು ಅಷ್ಟು. ಅಮೋನಿಯಾ 17, ಮೀಥೇನ್ 16. ಇವು ಮೇಲಕ್ಕೆ ಹೋಗುತ್ತವೆ. ಹೈಡ್ರೋಜನ್ ಸಲ್ಫೈಡ್ 34, ಕಾರ್ಬನ್ ಡೈಆಕ್ಸೈಡ್ 44, ಸಲ್ಫರ್ ಡೈಆಕ್ಸೈಡ್ 64, ಕ್ಲೋರಿನ್ 71. ಇವು ತಗ್ಗಿನಲ್ಲಿ ಸೇರಿಕೊಳ್ಳುತ್ತವೆ. ವಾಸನೆ ಬಂದಾಗ ಬಗ್ಗಬೇಕೋ, ಏಳಬೇಕೋ ಎನ್ನುವುದು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ, ಅಲ್ವಾ?

ನನಗೆ ನಿಜವಾಗಿ ಭಯ ಇರುವುದು ಹೈಡ್ರೋಜನ್ ಸಲ್ಫೈಡ್ ಬಗ್ಗೆ. ಗ್ಯಾಸ್ ತಯಾರಿಸುವ ಗಾಜಿನ ಉಪಕರಣವಾದ ಕಿಪ್ಸ್ ಅಪರೇಟಸ್‌ನಲ್ಲಿ ಐರನ್ ಸಲ್ಫೈಡಿನ ಮೇಲೆ ನೀರು ಬೆರೆಸಿ ತೆಳು ಮಾಡಿದ ಆಮ್ಲ ಬಿದ್ದ ಕೂಡಲೇ ಕೊಳೆತ ಮೊಟ್ಟೆಯ ನಾತ ಇಡೀ ಕೋಣೆ ತುಂಬುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಮೂಗು ಹಿಡಿಯುತ್ತದೆ. ಅಷ್ಟು ಚುರುಕಾದ ಮೂಗನ್ನೇ ಈ ಗ್ಯಾಸ್ ಕೆಡಿಸಿಬಿಡುತ್ತದೆ. ಪ್ರಮಾಣ ಹತ್ತು ಲಕ್ಷಕ್ಕೆ 100 ಭಾಗ ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ವಾಸನೆ ಗೊತ್ತಾಗುವುದೇ ನಿಲ್ಲುತ್ತದೆ. 'ಈಗ ವಾಸನೆ ಇಲ್ಲ, ಹೋಯಿತು' ಅಂದುಕೊಳ್ಳುವ ಹೊತ್ತಿಗೆ ಗ್ಯಾಸ್ ಏರುತ್ತಿರಬಹುದು. ಮ್ಯಾನ್‌ಹೋಲ್, ಮಲದ ಗುಂಡಿಗಳಲ್ಲಿ ಒಬ್ಬರು ಕುಸಿದು, ಅವರನ್ನು ಎತ್ತಲು ಇಳಿದವರೂ ಕುಸಿಯುವುದಕ್ಕೆ ಇದೂ ಒಂದು ಕಾರಣ. ಲ್ಯಾಬಿನಲ್ಲಿ ಮಾತ್ರ ಪತ್ತೆ ಸುಲಭ: ಲೆಡ್ ಅಸಿಟೇಟ್ ಹಚ್ಚಿದ ಕಾಗದ ಕಪ್ಪಾಗುತ್ತದೆ. ನಾತ ಇದ್ದಕ್ಕಿದ್ದಂತೆ ನಿಂತರೆ ಖುಷಿಪಡಬೇಡಿ, ಹೊರಗೆ ನಡೆಯಿರಿ.

ಕ್ಲೋರಿನ್ ಹಳದಿ ಮಿಶ್ರಿತ ಹಸಿರು, ಒದ್ದೆ ಲಿಟ್ಮಸ್ಸಿನ ಬಣ್ಣವನ್ನೇ ತೆಗೆದುಹಾಕುತ್ತದೆ. ಹುಡುಗರು ಇದಕ್ಕೆ 'ಈಜುಕೊಳದ ವಾಸನೆ' ಎಂದು ಬರೆಯುತ್ತಾರೆ. ಕೊಳದ ಬಳಿ ಮೂಗಿಗೆ ಹೊಡೆಯುವುದು ಹೆಚ್ಚಾಗಿ ಕ್ಲೋರಮೈನ್‌ಗಳು. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಅವು ಹುಟ್ಟುತ್ತವೆ. (ಇದನ್ನು ಹೇಳಿದ ದಿನ ಕ್ಲಾಸಿನಲ್ಲಿ ಯಾರೂ ಈಜುವ ಮಾತೆತ್ತುವುದಿಲ್ಲ.) ಕ್ಲೋರಿನ್ ಮನೆಯಲ್ಲೂ ಎದುರಾಗುವ ಗ್ಯಾಸ್. ಬ್ಲೀಚಿಗೆ ಆಮ್ಲ ಇರುವ ಟಾಯ್ಲೆಟ್ ಕ್ಲೀನರ್ ಬೆರೆಸಿದರೆ ಕ್ಲೋರಿನ್ ಏಳುತ್ತದೆ, ಅಮೋನಿಯಾ ಬೆರೆಸಿದರೆ ಕ್ಲೋರಮೈನ್. ಒಂದು ಸಲಕ್ಕೆ ಒಂದೇ ಬಾಟಲಿ ಬಳಸಿ.

ಸಲ್ಫರ್ ಡೈಆಕ್ಸೈಡಿನ ವಾಸನೆ ಬೆಂಕಿಕಡ್ಡಿ ಗೀರಿದವರಿಗೆಲ್ಲ ಗೊತ್ತು. ಆಮ್ಲ ಸೇರಿಸಿದ ಡೈಕ್ರೋಮೇಟ್ ದ್ರಾವಣದಲ್ಲಿ ಅದ್ದಿದ ಕಾಗದವನ್ನು ಕಿತ್ತಳೆಯಿಂದ ಹಸಿರಿಗೆ ತಿರುಗಿಸುತ್ತದೆ. ನೈಟ್ರೋಜನ್ ಡೈಆಕ್ಸೈಡ್ ಕಂದು ಹೊಗೆ. ಅದನ್ನು ಮೂಸುವುದೇ ಬೇಡ, ಕಣ್ಣಿಗೆ ಕಂಡರೆ ಸಾಕು. ಒಳಗೆ ಹೋದಾಗ ಬರೀ ಕೆಮ್ಮು ಬಂದು ಹೋದರೂ, ಎಷ್ಟೋ ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹಾಗಾಗಿ ಸರಿಯಾಗಿ ಉಸಿರಲ್ಲಿ ಎಳೆದುಕೊಂಡವರನ್ನು 'ಆರಾಮಾಗಿದ್ದೀನಿ' ಅಂದರೂ ಡಾಕ್ಟರ ಹತ್ತಿರ ಕಳಿಸಿ.

ಘಾಟು ಇದ್ದದ್ದೆಲ್ಲ ಕೆಟ್ಟದ್ದು, ಸಿಹಿ ವಾಸನೆಯದು ಒಳ್ಳೆಯದು ಎಂಬ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಐಸೊಅಮೈಲ್ ಅಸಿಟೇಟ್ ಬಾಳೆಹಣ್ಣಿನಂತೆ ಘಮ್ಮೆನ್ನುತ್ತದೆ, ಪರವಾಗಿಲ್ಲ. ಬೆಂಜೀನ್ ವಾಸನೆಯೂ ಸಿಹಿ, ಆದರೆ ಅದು ರಕ್ತದ ಕ್ಯಾನ್ಸರ್ ತರುತ್ತದೆ.

ಇನ್ನು ವಾಸನೆಯೇ ಇಲ್ಲದವು. ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್, ಮೀಥೇನ್, ಕಾರ್ಬನ್ ಮಾನಾಕ್ಸೈಡ್. ಕೊನೆಯದು ಬಹಳ ಅಪಾಯ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತೂಕ 28, ಅಂದರೆ ಗಾಳಿಯಲ್ಲಿ ಗಾಳಿಯಂತೆಯೇ ಬೆರೆತಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದಾಗ ತಲೆನೋವು ಬಂದರೆ ಮೂಗನ್ನು ಕೇಳುತ್ತಾ ಕೂರಬೇಡಿ. ಇದನ್ನು ಪತ್ತೆ ಮಾಡಲು ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದೇ ದಾರಿ.

ಅಡುಗೆ ಗ್ಯಾಸಿಗೆ ಮಾತ್ರ ನಾವೇ ವಾಸನೆ ಸೇರಿಸಿದ್ದೇವೆ. 1937ರಲ್ಲಿ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬಲ್ಲಿ ಶಾಲೆಯೊಳಗೆ ಸೋರಿದ ನೈಸರ್ಗಿಕ ಅನಿಲ ಯಾರಿಗೂ ಗೊತ್ತಾಗದೆ ಸ್ಫೋಟಿಸಿ ಸುಮಾರು 300 ಜನ ಸತ್ತರು. ಹೆಚ್ಚಿನವರು ಮಕ್ಕಳು. ಅದಾದ ಮೇಲೆ ಅಲ್ಲಿ ಗ್ಯಾಸಿಗೆ ನಾತ ಬೆರೆಸುವುದು ಕಾನೂನಾಯಿತು. ಇಂದು ಎಲ್‌ಪಿಜಿಯಲ್ಲಿ ನಮಗೆ ಬರುವ ನಾತ ಈಥೈಲ್ ಮರ್ಕಾಪ್ಟನ್‌ದು.

ಆ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ. ಲೈಟು, ಫ್ಯಾನು ಹಾಕಬೇಡಿ, ಆಗಲೇ ಹಾಕಿದ್ದರೆ ಆರಿಸಲೂ ಬೇಡಿ. ಸ್ವಿಚ್ ಹಾಕಿದರೂ, ಆರಿಸಿದರೂ ಕಿಡಿ ಹಾರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿರುತ್ತದೆ. ಹಾಗಾಗಿ ಕಿಟಕಿ ಮಾತ್ರ ಅಲ್ಲ, ಬಾಗಿಲನ್ನೂ ಪೂರ್ತಿ ತೆರೆದು ಹೊರಗೆ ಬನ್ನಿ, ಫೋನ್ ಅಲ್ಲಿಂದ ಮಾಡಿ. ವಾಸನೆ ಹೋಯಿತಾ ಎಂದು ಒಳಗೇ ಇದ್ದವರನ್ನು ಕೇಳಿ ಪ್ರಯೋಜನ ಇಲ್ಲ, ಅವರ ಮೂಗು ಆಗಲೇ ಒಗ್ಗಿಹೋಗಿರುತ್ತದೆ. ಆಗಷ್ಟೇ ಹೊರಗಿನಿಂದ ಬಂದವರು ಬಾಗಿಲಲ್ಲೇ ನಿಂತು ಹೇಳಲಿ.