ಎರಡಡಿ ಗೋಡೆ, ಮೂವತ್ತಡಿ ಕೋಟೆ: ತೂಗುಮಾದರಿಯೊಂದಿಗೆ ನನ್ನ ಅನುಭವ

1960ರ ದಶಕದ ಕಪ್ಪು-ಬಿಳುಪು ಐತಿಹಾಸಿಕ ಚಿತ್ರವೊಂದನ್ನು ಹೊಸದಾಗಿ ತೆಗೆಯುತ್ತಿರುವ ತಂಡದಲ್ಲಿ ಕೋಟೆಯ ಒಂಬತ್ತು ಶಾಟ್‌ಗಳ ಹೊಣೆ ನನ್ನ ಪಾಲಿಗೆ ಬಂದಿತ್ತು. ನಾನು ಹಿಡಿದದ್ದು ತೂಗುಮಾದರಿಯ ದಾರಿ: ಕೋಟೆಯ ಕೆಳಭಾಗಕ್ಕೆ ಮಾತ್ರ ಸೆಟ್ ಹಾಕಿ, ಮೇಲ್ಭಾಗದ ಪುಟ್ಟ ಮಾದರಿಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ, ಲೆನ್ಸಿಗೆ ಎರಡೂ ಒಂದೇ ಗೋಡೆಯಾಗಿ ಕಾಣುವಂತೆ ಮಾಡುವುದು. ಚಿತ್ರದ ಹೆಸರನ್ನು ಬಿಡುಗಡೆಗೆ ಮುನ್ನ ಹೇಳುವಂತಿಲ್ಲವೆಂದು ಒಪ್ಪಂದದಲ್ಲಿದೆ. ಆದರೆ ಆ ಒಂಬತ್ತು ಶಾಟ್‌ಗಳು ಮುಗಿದು, ಸಂಕಲನಕಾರರ ಕೈ ಸೇರಿ, ದೊಡ್ಡ ಪರದೆಯ ಮೇಲೆ ಎಲ್ಲರೂ ನೋಡಿ ಒಪ್ಪಿಕೊಂಡಾಗಿದೆ. "ಗ್ರಾಫಿಕ್ಸ್ ಕಾಲದಲ್ಲಿ ಗೊಂಬೆ ಕೋಟೆ ಕಟ್ಟುತ್ತೀರಾ ಸಾರ್?" ಎಂದು ಕೇಳಿದವರಲ್ಲಿ ಮೂವರು ಈಗ ಫೋನ್ ಮಾಡಿ ವಿಧಾನ ಕೇಳುತ್ತಿರುವುದರಿಂದ ಒಟ್ಟಿಗೆ ಬರೆದುಬಿಡುವುದೇ ಸರಿ ಎನಿಸಿತು.

ಲೆಕ್ಕದಿಂದಲೇ ಆರಂಭಿಸುತ್ತೇನೆ. ಈ ಒಂಬತ್ತು ಶಾಟ್‌ಗಳಲ್ಲಿ ಕೋಟೆಯನ್ನು ಗ್ರಾಫಿಕ್ಸ್‌ನಲ್ಲಿ ಎತ್ತರಿಸಲು ಒಂದು ಸಂಸ್ಥೆ ಹದಿನಾರು ಹದಿನೇಳು ಲಕ್ಷ ಕೇಳಿತ್ತು. ಮೂವತ್ತಡಿ ಎತ್ತರಕ್ಕೆ ಪೂರ್ತಿ ಸೆಟ್ ಹಾಕುವುದಾದರೆ ಅದರ ಎರಡರಷ್ಟು ಬೇಕಾಗುತ್ತಿತ್ತು. ನಿಜವಾದ ಕೋಟೆಗೆ ಹೋಗೋಣವೆಂದರೆ, ಸಂರಕ್ಷಿತ ಸ್ಮಾರಕದಲ್ಲಿ ಮೊಳೆ ಹೊಡೆದು ಪಂಜು ಹಚ್ಚುವ ಮಾತೇ ಇಲ್ಲ. ಮೇಲಾಗಿ ಚಿತ್ರದುರ್ಗದ ಏಳು ಸುತ್ತಿನ ಗೋಡೆಗಳು ಇಂದು ಕಾಣುವುದು ಶತಮಾನಗಳ ಮಳೆಗಾಳಿ ತಿಂದ ಮೇಲಿನ ರೂಪದಲ್ಲಿ, ನಮ್ಮ ಕಥೆಗೆ ಬೇಕಾದದ್ದು ಗಾರೆ ಇನ್ನೂ ಬೆಳ್ಳಗಿರುವ ಹೊಸ ಕೋಟೆ. ಕೊನೆಗೆ ನಾವು ಮಾಡಿದ ಖರ್ಚು, ಹಾಳಾದ ಮೊದಲ ಮಾದರಿಯನ್ನೂ ಸೇರಿಸಿ, ನಾಲ್ಕು ಲಕ್ಷದ ಆಸುಪಾಸು.

ವಿಧಾನ ನನ್ನದಲ್ಲ, ನೂರು ವರ್ಷ ಹಳೆಯದು. ಐತಿಹಾಸಿಕ ಚಿತ್ರಗಳ ಮರುನಿರ್ಮಾಣದ ಮಾತು ಬಂದರೆ ಹಾಲಿವುಡ್‌ನ "ಬೆನ್‌ಹರ್" ಬಂದೇ ಬರುತ್ತದೆ. 1925ರ ಮೂಕಿ ಚಿತ್ರದಲ್ಲಿ ರಥದ ಓಟದ ಕ್ರೀಡಾಂಗಣದ ಕೆಳಭಾಗ ಮಾತ್ರ ನಿಜವಾದ ಸೆಟ್. ಮೇಲಿನ ಅಂತಸ್ತುಗಳು ಕ್ಯಾಮೆರಾದ ಮುಂದೆ ತೂಗುಹಾಕಿದ ಮಾದರಿ, ಅದರಲ್ಲಿ ಕೂತ ಪ್ರೇಕ್ಷಕರು ಎದ್ದು ಕೂರುವ ಸಾವಿರಾರು ಪುಟ್ಟ ಗೊಂಬೆಗಳು. 1959ರಲ್ಲಿ ವಿಲಿಯಂ ವೈಲರ್ ಅದೇ ಓಟಕ್ಕೆ ರೋಮಿನ ಚಿನೆಚಿತ್ತಾ ಸ್ಟುಡಿಯೊದಲ್ಲಿ ಹದಿನೆಂಟು ಎಕರೆಯ ಅಂಗಣ ಕಟ್ಟಿಸಿದರು. ಚಿತ್ರ ಹನ್ನೊಂದು ಆಸ್ಕರ್ ಪಡೆಯಿತು. 2016ರ ಮರುನಿರ್ಮಾಣಕ್ಕೆ ಸುಮಾರು ಹತ್ತು ಕೋಟಿ ಡಾಲರ್ ಸುರಿದರೂ ಚಿತ್ರಮಂದಿರದ ಗಳಿಕೆ ಹಾಕಿದ ಹಣವನ್ನು ಮುಟ್ಟಲಿಲ್ಲ. ಸೋಲಿಗೆ ಕಾರಣಗಳು ಹಲವಿರಬಹುದು, ಆದರೆ ಮೂರನ್ನೂ ಹಲವು ಬಾರಿ ಹಿಂದುಮುಂದು ಓಡಿಸಿ ನೋಡಿದ ನನಗೆ ಅನಿಸಿದ್ದು ಇಷ್ಟು: ಬಿಸಿಲು, ಧೂಳು ಮತ್ತು ಗೋಡೆ ಒಂದೇ ಲೆನ್ಸಿನೊಳಗೆ ಒಂದೇ ಕ್ಷಣದಲ್ಲಿ ಬಿದ್ದಾಗ ಕಣ್ಣು ತಕರಾರಿಲ್ಲದೆ ನಂಬುತ್ತದೆ. ನಮ್ಮಲ್ಲಿ "ರಣಧೀರ ಕಂಠೀರವ", "ಇಮ್ಮಡಿ ಪುಲಿಕೇಶಿ", "ಮಯೂರ" ಮುಂತಾದವುಗಳನ್ನು ಮತ್ತೆ ತೆಗೆಯಬೇಕೆನ್ನುವವರು ಕಥೆಯನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಆ ಕಾಲದ ಕೈಕೆಲಸವನ್ನೂ ಎತ್ತಿಕೊಳ್ಳಬೇಕೆಂಬುದು ನನ್ನ ಹಟವಾಗಿತ್ತು.

ರಾಮನಗರದ ಆಚೆ ಒಂದು ಖಾಸಗಿ ಬಂಡೆ ಜಮೀನಿನಲ್ಲಿ ಹತ್ತಡಿ ಎತ್ತರದ ಗೋಡೆಯನ್ನೂ ಹೆಬ್ಬಾಗಿಲಿನ ಕೆಳಭಾಗವನ್ನೂ ಕಟ್ಟಿದೆವು. ಕ್ಯಾಮೆರಾದಿಂದ ಅದು ಎಪ್ಪತ್ತೈದು ಅಡಿ ದೂರ. ಮೇಲಿನ ಇಪ್ಪತ್ತಡಿ ಗೋಡೆ, ಎರಡು ಬುರುಜು ಮತ್ತು ಗೋಡೆಯ ಮೇಲಂಚಿನಲ್ಲಿ ಹಲ್ಲುಗಳಂತೆ ನಿಲ್ಲುವ ಸಾಲು ತೆನೆಗಳು ಕ್ಯಾಮೆರಾದಿಂದ ಏಳೂವರೆ ಅಡಿಗೆ, ಅಂದರೆ ಹತ್ತನೆಯ ಒಂದು ಅಳತೆಯಲ್ಲಿ ಎರಡಡಿ ಎತ್ತರದ ಮಾದರಿ. 24 ಎಂಎಂ ಲೆನ್ಸಿನ ಚೌಕಟ್ಟಿಗೆ ಎಂಟಡಿ ಉದ್ದ ಸಾಕಾಗಿತ್ತು. ಪ್ಯಾನ್, ಅಂದರೆ ಕ್ಯಾಮೆರಾ ನಿಂತಲ್ಲೇ ಅತ್ತಿತ್ತ ತಿರುಗುವುದು, ಬೇಕೆಂದು ನಿರ್ದೇಶಕರು ಪಟ್ಟು ಹಿಡಿದದ್ದರಿಂದ ಕಮಾನಿನಂತೆ ಬಾಗಿಸಿ ಹನ್ನೆರಡಡಿಗೆ ಬೆಳೆಸಿದೆ.

ಮೊದಲ ಮಾದರಿ ಥರ್ಮಾಕೋಲ್‌ನದು. ಎಪ್ಪತ್ತು ಸಾವಿರ ಖರ್ಚಾಗಿತ್ತು. ಬೆಳಿಗ್ಗೆ ಎಂಟಕ್ಕೆ ಎಲ್ಲವೂ ಗೆರೆಗೆ ಗೆರೆ ಕೂತಿತ್ತು. ಹತ್ತರ ಹೊತ್ತಿಗೆ ಬಂಡೆಯ ಮೇಲಿಂದ ಗಾಳಿ ಎದ್ದಿತು. ಮಾನಿಟರ್ ಮುಂದಿದ್ದ ಲೈಟ್ ಹುಡುಗ "ಅಣ್ಣಾ, ಕೋಟೆ ಉಸಿರಾಡ್ತಿದೆ ನೋಡಿ" ಎಂದ. ನಿಜವಾಗಿಯೂ ಹಾಗೆಯೇ ಕಾಣುತ್ತಿತ್ತು: ಕೆಳಗಿನ ಹತ್ತಡಿ ಕಲ್ಲು ನಿಶ್ಚಲ, ಮೇಲಿನ ಇಪ್ಪತ್ತಡಿ ಕೂದಲೆಳೆಯಷ್ಟು ಏರಿಳಿಯುತ್ತಿದೆ. ಆ ದಿನ ಹನ್ನೊಂದು ಬಾಡಿಗೆ ಕುದುರೆ ಮತ್ತು ನಲವತ್ತು ಸಹಕಲಾವಿದರು ಬಂದಿದ್ದರು. ಒಂದು ಶಾಟೂ ಸಿಗದೆ ಅವರ ದಿನಗೂಲಿಯೇ ಒಂದೂಕಾಲು ಲಕ್ಷ ಹೋಯಿತು. ನಿರ್ಮಾಪಕರು ಬೈಯಲಿಲ್ಲ, ಮಾತೂ ಆಡಲಿಲ್ಲ, ಅದೇ ಹೆಚ್ಚು ನೋವಾಯಿತು.

ಎರಡನೆಯದನ್ನು ಪ್ಲೈವುಡ್ ಬೆನ್ನಿನ ಮೇಲೆ ಪ್ಲಾಸ್ಟರ್ ಎರಕ ಹೊಯ್ದು ಮಾಡಿದೆ. ತೂಕ ನಾಲ್ಕು ಪಟ್ಟಾದರೂ ಅಲುಗಾಡುವುದು ನಿಂತಿತು. ಮಾದರಿಗೂ ಕ್ಯಾಮೆರಾಕ್ಕೂ ಕಬ್ಬಿಣದ ಪೈಪಿನ ಒಂದು ಸಾರುವೆ, ಮನುಷ್ಯರು ನಿಲ್ಲುವುದಕ್ಕೆ ಅದನ್ನು ಎಲ್ಲಿಯೂ ಮುಟ್ಟದ ಇನ್ನೊಂದು ಸಾರುವೆ ಹಾಕಿ, ಮೊದಲನೆಯದರ ಕಾಲುಗಳಿಗೆ ಮರಳಿನ ಮೂಟೆ ಹೇರಿದೆ. ಇದನ್ನು ಮೊದಲೇ ಮಾಡಿದ್ದರೆ ಎರಡು ಲಕ್ಷ ಉಳಿಯುತ್ತಿತ್ತು.

ಪ್ಯಾನ್ ವಿಷಯದಲ್ಲಿ ಛಾಯಾಗ್ರಾಹಕರಿಗೆ ನಂಬಿಕೆಯೇ ಇರಲಿಲ್ಲ. ಸಾಮಾನ್ಯ ಟ್ರೈಪಾಡ್ ತಲೆಯ ಮೇಲೆ ಕ್ಯಾಮೆರಾ ತಿರುಗಿಸಿದರೆ ಹತ್ತಿರದ ಮಾದರಿಯೂ ದೂರದ ಸೆಟ್ಟೂ ಬೇರೆ ಬೇರೆ ಜಾರುತ್ತವೆ. ಲೆನ್ಸಿನೊಳಗೆ ಬೆಳಕು ಪ್ರವೇಶಿಸುವ ಬಿಂದುವಿನ ಮೇಲೆಯೇ ತಿರುಗಿದರೆ ಜಾರುವುದಿಲ್ಲ. ಅದಕ್ಕೆಂದು ಪೀಣ್ಯದ ಲೇತ್ ಅಂಗಡಿಯೊಂದರಲ್ಲಿ ಹಿಂದೆ ಮುಂದೆ ಸರಿಸಬಹುದಾದ ಅಲ್ಯೂಮಿನಿಯಂ ಹಲಗೆಯನ್ನು ಸುಮಾರು ಹದಿನಾಲ್ಕು ಸಾವಿರಕ್ಕೆ ಮಾಡಿಸಿದೆ. ಹತ್ತಿರಕ್ಕೊಂದು ತಂತಿ, ದೂರಕ್ಕೊಂದು ಕೋಲು ನಿಲ್ಲಿಸಿ, ಕ್ಯಾಮೆರಾ ತಿರುಗಿದಾಗ ಒಂದರ ಹಿಂದೊಂದು ಅಡಗಿಯೇ ಇರುವವರೆಗೆ ಹಲಗೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಸುತ್ತಾ ಅರ್ಧ ದಿನ ಕಳೆದೆವು. ಸಿಕ್ಕ ಮೇಲೆ ಛಾಯಾಗ್ರಾಹಕರೇ ಐದಾರು ಬಾರಿ ಅತ್ತಿಂದಿತ್ತ ತಿರುಗಿಸಿ ನೋಡಿ, "ಇದು ಕಟ್ಟಡವೇ ಮಾರಾಯ್ರೆ" ಎಂದರು.

ಫೋಕಸ್ ವಿಷಯದಲ್ಲಿ ಬಿಸಿಲೇ ಬಂಡವಾಳ. ಲೆನ್ಸಿನ ತೆರಪಿನ ಎಫ್ ಸಂಖ್ಯೆ ಹೆಚ್ಚಿದಷ್ಟೂ ತೆರಪು ಕಿರಿದಾಗಿ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತವೆ, ಆದರೆ ಬೆಳಕು ಹೆಚ್ಚು ಬೇಕು. ಎಫ್/11ರಲ್ಲಿ ಏಳಡಿಯ ಹತ್ತಿರ ಫೋಕಸ್ ಇಟ್ಟರೆ ಕಾಗದದ ಲೆಕ್ಕಕ್ಕೆ ಮೂರೂವರೆ ಅಡಿಯಿಂದ ಅನಂತದವರೆಗೆ ಸ್ಪಷ್ಟವಿರಬೇಕು. ದೊಡ್ಡ ಪರದೆಗೆ ಅದು ಸಾಲದೆಂದು ನಾನು ಎಫ್/16 ಇಟ್ಟೆ, ಮಧ್ಯಾಹ್ನದ ಬಿಸಿಲಿಗೆ ಆಗಲೂ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕಾಯಿತು. ಸೂರ್ಯ ಎರಡಕ್ಕೂ ಒಬ್ಬನೇ ಆದ್ದರಿಂದ ಸೆಟ್ಟಿನ ನೆರಳು ಬಿದ್ದ ದಿಕ್ಕಿಗೇ ಮಾದರಿಯ ತೆನೆಗಳ ನೆರಳೂ ಬೀಳುತ್ತದೆ, ಮೋಡ ಬಂದರೆ ಎರಡೂ ಒಟ್ಟಿಗೆ ಮಸುಕಾಗುತ್ತವೆ. ಗ್ರಾಫಿಕ್ಸ್‌ನಲ್ಲಿ ಇದಕ್ಕೆ ವಾರಗಟ್ಟಲೆ ಕೂರಬೇಕು. ಆದರೆ ಮುಸ್ಸಂಜೆಯ ಶಾಟ್ ಒಂದನ್ನು ಆಸೆಯಿಂದ ಪ್ರಯತ್ನಿಸಿದಾಗ ಎಫ್/2.8ಕ್ಕೆ ಇಳಿಯಬೇಕಾಗಿ ಬಂದು ಕೋಟೆಯ ಮೇಲ್ಭಾಗ ಮಂಜಿನಂತೆ ಕಲಸಿಹೋಯಿತು. ಅದನ್ನು ಮಧ್ಯಾಹ್ನವೇ ತೆಗೆದು ಬಣ್ಣ ತಿದ್ದುವಾಗ ಸಂಜೆ ಮಾಡಿಕೊಂಡೆವು.

ಸೆಟ್ಟೂ ಮಾದರಿಯೂ ಕೂಡುವ ಬೆಸುಗೆಯ ಗೆರೆ ನೇರವಾಗಿದ್ದರೆ ಸಿಕ್ಕಿಬೀಳುತ್ತದೆಂದು ಗೊತ್ತಿದ್ದದ್ದರಿಂದ ಸೆಟ್ಟಿನ ಮೇಲಂಚನ್ನು ಕಲ್ಲಿನ ಸಂದುಗಳ ಜಾಡಿನಲ್ಲೇ ಏರುಪೇರಾಗಿ ಕತ್ತರಿಸಿ, ನಡುವೆ ಎರಡು ಕಡೆ ಅರಳಿ ಸಸಿ ಸಿಕ್ಕಿಸಿದೆ. ಗೊತ್ತಿಲ್ಲದೆ ಎಡವಿದ್ದು ಬೇರೆ ಕಡೆ. ದಂಡು ಹೆಬ್ಬಾಗಿಲಿನಿಂದ ಹೊರಬರುವ ಶಾಟ್‌ನ ಮೂರನೆಯ ಟೇಕ್‌ನಲ್ಲಿ ಒಬ್ಬ ಸವಾರ ಉತ್ಸಾಹದಿಂದ ಭರ್ಜಿಯನ್ನು ತಲೆಯ ಮೇಲೆತ್ತಿದ. ಮಾದರಿ ಕ್ಯಾಮೆರಾಕ್ಕೆ ಹತ್ತಿರವಿರುವುದರಿಂದ, ಗೋಡೆಗಿಂತ ಮುಂದೆ ಬಂದಿದ್ದ ಆ ಭರ್ಜಿಯ ಮೊನೆ ಗೋಡೆಯ ಹಿಂದೆ ಹೋಗಿ ಮಾಯವಾಯಿತು. ಕುದುರೆಯ ಓಟ, ಧೂಳು, ಬೆಳಕು ಎಲ್ಲವೂ ಅಪೂರ್ವವಾಗಿದ್ದ ಆ ಟೇಕನ್ನು ಬಿಡಬೇಕಾದದ್ದು ಇಂದಿಗೂ ನನ್ನನ್ನು ಕಾಡುತ್ತದೆ. ನಂತರ ಭರ್ಜಿಗಳನ್ನು ಒಂದೂವರೆ ಅಡಿ ಮೊಟಕು ಮಾಡಿಸಿದೆ.

ದೂರದ ಗೋಡೆಯ ಮೇಲೆ ಗಾಳಿ, ಧೂಳಿನ ತೆಳು ಪೊರೆ ಇರುತ್ತದೆ, ಏಳಡಿಯ ಮಾದರಿಗೆ ಅದಿಲ್ಲ. ಸೆಟ್ಟಿನ ಬಣ್ಣವನ್ನೇ ಬಳಿದರೆ ಮಾದರಿ ಕಡುವಾಗಿ ಮುಂದೆ ನುಗ್ಗುತ್ತದೆ. ಅದಕ್ಕೆ ನಾನು ಬೆರೆಸಿದ ಬಣ್ಣದ ಹದವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹನ್ನೊಂದು ಹಲಗೆ ಬಳಿದು ಬಿಸಿಲಿಗಿಟ್ಟು ಕಂಡುಕೊಂಡದ್ದು ಅದು. ಬಾವುಟದ ಗುಟ್ಟೂ ಹಾಗೆಯೇ. ಪುಟ್ಟ ಬಾವುಟ ಗಾಳಿಗೆ ಪಟಪಟನೆ ಬಡಿದುಕೊಂಡರೆ ಅಳತೆ ತಕ್ಷಣ ಬಯಲಾಗುತ್ತದೆ. ಬರೀ ಮಾದರಿಯ ಶಾಟ್ ಆಗಿದ್ದರೆ ಮಾಮೂಲಿ ಇಪ್ಪತ್ತನಾಲ್ಕು ಫ್ರೇಮಿನ ಹತ್ತರ ವರ್ಗಮೂಲದಷ್ಟು ಪಟ್ಟು, ಅಂದರೆ ಸೆಕೆಂಡಿಗೆ ಎಪ್ಪತ್ತಾರು ಫ್ರೇಮಿನಲ್ಲಿ ತೆಗೆದು ನಿಧಾನಗೊಳಿಸಬಹುದು. ಇಲ್ಲಿ ಅದೇ ಚೌಕಟ್ಟಿನಲ್ಲಿ ಮನುಷ್ಯರು ನಡೆಯುತ್ತಿದ್ದಾರೆ. ಬಟ್ಟೆಯೊಳಗೆ ನಾನು ಸೇರಿಸಿದ ಒಂದು ವಸ್ತುವಿನಿಂದ ಅದು ಭಾರದ ಬಾವುಟದಂತೆ ತೂಗುತ್ತದೆ ಎಂದಷ್ಟೇ ಹೇಳಬಲ್ಲೆ.

ನಡುವೆ ಎರಡು ದಿನ ಕನ್ನಡಿಯ ಪ್ರಯೋಗವನ್ನೂ ಮಾಡಿದೆ. 1927ರ ಜರ್ಮನ್ ಚಿತ್ರ "ಮೆಟ್ರೊಪೊಲಿಸ್"ನಲ್ಲಿ ಯೂಜೆನ್ ಶುಫ್ಟಾನ್ ಬಳಸಿದ ಉಪಾಯವದು: ಕನ್ನಡಿಯನ್ನು ನಲವತ್ತೈದು ಡಿಗ್ರಿಗೆ ನಿಲ್ಲಿಸಿ, ನಟರು ಕಾಣಬೇಕಾದ ಕಡೆ ಹಿಂದಿನ ರಸಲೇಪ ಕೆರೆದು ತೆಗೆದರೆ, ಗಾಜಿನ ಮೂಲಕ ನಟರೂ ಉಳಿದ ಕನ್ನಡಿಯಲ್ಲಿ ಮಾದರಿಯೂ ಒಟ್ಟಿಗೆ ಕಾಣುತ್ತವೆ. ಹಿಂಬದಿಗೆ ರಸ ಬಳಿದ ಸಾಮಾನ್ಯ ಕನ್ನಡಿಯಲ್ಲಿ ಪ್ರತಿಬಿಂಬದ ಜೊತೆಗೊಂದು ತೆಳು ಮರುಬಿಂಬವೂ ಬಂದು ತೆನೆಗಳು ಜೋಡಿಯಾಗಿ ಕಂಡವು. ಮುಂಬದಿಗೆ ಲೇಪವಿರುವ ಕನ್ನಡಿ ತರಿಸುವಷ್ಟು ಹಣ ಉಳಿದಿರಲಿಲ್ಲ. ಎಂಟು ಸಾವಿರ ಹೋಯಿತು, ಆದರೆ ಒಳಾಂಗಣದ ಶಾಟ್‌ಗಳಿಗೆ ಇದು ಒದಗುತ್ತದೆಂಬ ವಿಶ್ವಾಸ ನನಗಿದೆ.

ಒಂಬತ್ತರಲ್ಲಿ ಏಳು ಶಾಟ್‌ಗಳು ಕ್ಯಾಮೆರಾದಿಂದ ಬಂದಂತೆಯೇ ಚಿತ್ರದಲ್ಲಿವೆ. ಎರಡರಲ್ಲಿ ಮಾತ್ರ ಗೆರೆಯ ಬಳಿ ಸ್ವಲ್ಪ ಅಳಿಸುವ ಕೆಲಸವಿತ್ತು. ಅದನ್ನು ಸಂಕಲನ ಕೊಠಡಿಯ ಹುಡುಗನೇ ಒಂದು ಮಧ್ಯಾಹ್ನದಲ್ಲಿ ಮುಗಿಸಿದ. ನಾಯಕ ನಟರು ಮೊದಲ ದಿನ ಕ್ಯಾರವಾನಿನಿಂದ ಇಳಿದು ಹತ್ತಡಿ ಗೋಡೆ ನೋಡಿ ಮುಖ ಸಣ್ಣದು ಮಾಡಿಕೊಂಡಿದ್ದರು. ಮಾನಿಟರ್ ಮುಂದೆ ಕರೆತಂದು ಕೂರಿಸಿದಾಗ ಅವರು ಕಣ್ಣೆತ್ತಿ ನಿಜವಾದ ಗೋಡೆಯನ್ನೊಮ್ಮೆ, ಮಾನಿಟರನ್ನೊಮ್ಮೆ ನೋಡಿದರು. ಮುಂದಿನ ಟೇಕ್‌ನಲ್ಲಿ ಹೆಬ್ಬಾಗಿಲ ಕಡೆ ನಡೆಯುವಾಗ ಅವರ ಕತ್ತು ಇಲ್ಲದ ಬುರುಜಿನ ಎತ್ತರಕ್ಕೆ ತಾನಾಗಿ ಎದ್ದಿತು.

ಮಾದರಿಯನ್ನು ಮೂರು ತುಂಡು ಮಾಡಿ ಗೋಣಿತಾಟಿನಲ್ಲಿ ಸುತ್ತಿ ಗೋದಾಮಿನಲ್ಲಿಟ್ಟಿದ್ದೇನೆ. ಅದೇ ಚಿತ್ರದ ದರ್ಬಾರಿನ ದೃಶ್ಯಕ್ಕೆ ಈಗ ಆರನೆಯ ಒಂದು ಅಳತೆಯಲ್ಲಿ ಮರದ ಚಾವಣಿ ಕೆತ್ತಿಸುತ್ತಿದ್ದೇನೆ. ಈ ಬಾರಿ ಬಜೆಟ್ ಎಷ್ಟೆಂದು ನಿರ್ಮಾಪಕರು ನನ್ನನ್ನೇ ಕೇಳಿದರು.